ಎರಡನೆಯ ಸಾಲಿನಿಂದ

ಮೋಟಾರು ನಮ್ಮ ಓಣಿಗೆ ಬರುವ ಹಿಂದಿನ ದಿನ ಅಪ್ಪ ಶಾಲೆಯ ಗಂಟೆಯನ್ನು ತಿಕ್ಕಲು ಮನೆಗೆ ತಂದಿದ್ದ. ರಾಮದುರ್ಗದ ಹೈಸ್ಕೂಲಿನಲ್ಲಿ ಅವನು ಗಂಟೆ ಹೊಡೆಯುವ ಸಿಪಾಯಿ. ಗಂಟೆ ಎಂದರೆ ಊಟದ ತಾಟಿನಷ್ಟು ಅಗಲವಾದ ಕಂಚಿನ ಬಿಲ್ಲೆ. ವರ್ಷಕ್ಕೆರಡು ಸಲ ಅದಕ್ಕೆ ಹುಣಸೆಹಣ್ಣು ಹಚ್ಚಿ, ಬೂದಿಯಿಂದ ತಿಕ್ಕಿ, ಅಂಗಳದ ಬಿಸಿಲಿಗೆ ಒರಗಿಸಿಡುತ್ತಿದ್ದ. ಅವ್ವ ನೇಕಾರರ ಮನೆಯಿಂದ ತಂದ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ನಾನು ಕೆಲಸಕ್ಕೆ ಹೋಗುತ್ತಿದ್ದ ಬಾಲವಾಡಿಯ ಮಕ್ಕಳಿಗೆ ಹಂಚಲು ಶೇಂಗಾ ಸುಲಿಯುತ್ತಿದ್ದೆ.

"ನಿಮ್ಮಪ್ಪಗ ಗಂಟಿ ಮ್ಯಾಲೆ ಇದ್ದಷ್ಟು ಜೀವ ನನ್ನ ಮ್ಯಾಲಿಲ್ಲ ನೋಡು" ಎಂದಳು ಅವ್ವ.

"ಗಂಟಿ ಹೊಡದ್ರಷ್ಟ ಮಾತಾಡತೈತಿ" ಎಂದ ಅಪ್ಪ.

ಅವ್ವ ಕೈಯಲ್ಲಿದ್ದ ಕಂಡಿಕೆಯನ್ನು ಅವನ ಕಡೆಗೆ ಎಸೆದಳು. ಅದು ಬೂದಿಯಲ್ಲಿ ಬಿತ್ತು. ನೂಲು ಹೊಲಸಾಯಿತೆಂದು ಮತ್ತೆ ಅವಳೇ ಬೈದಳು. ಆ ದಿನ ನಡೆದದ್ದು ಇಷ್ಟೇ. ಅದಕ್ಕಿಂತ ಹೆಚ್ಚು ಏನಾದರೂ ನಡೆದಿದ್ದರೂ ನನಗೆ ನೆನಪಿಲ್ಲ.

ಅಪ್ಪನ ಹಿಂದಿನ ಬದುಕನ್ನು ಇಲ್ಲಿಯೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಂಸ್ಥಾನದ ಕಾಲದಲ್ಲಿ ಮರಾಠಿ ಸಂಗೀತ ನಾಟಕದ ಒಂದು ದೊಡ್ಡ ಕಂಪನಿ ರಾಮದುರ್ಗಕ್ಕೆ ಬಂದು ಮೂರು ತಿಂಗಳು ಬಿಡಾರ ಹೂಡಿತ್ತು. ಅದರ ಮಾಲಕರೇ ಮುಖ್ಯ ನಟರು. ಗಂಡಸಾದರೂ ಹೆಣ್ಣಿನ ಪಾತ್ರ ಮಾಡುತ್ತಿದ್ದರು. ಅವರ ಹಾಡು ಕೇಳಲು ಮಂದಿ ಮೀರಜ, ಹುಬ್ಬಳ್ಳಿಗಳಿಂದ ಬರುತ್ತಿದ್ದರಂತೆ. ಇಪ್ಪತ್ತರ ಹರೆಯದ ಅಪ್ಪನಿಗೆ ಅಲ್ಲಿ ಪರದೆಯ ಹಗ್ಗ ಎಳೆಯುವ ಕೆಲಸ ಸಿಕ್ಕಿತು. ಹಗ್ಗ ಎಳೆಯುತ್ತ ಅವನು ತನ್ನಷ್ಟಕ್ಕೆ ಹಾಡಿಕೊಂಡದ್ದು ಮಾಲಕರ ಕಿವಿಗೆ ಬಿತ್ತು. ಕಂಪನಿ ಊರು ಬಿಡುವಾಗ ಅಪ್ಪನನ್ನೂ ಕರೆದುಕೊಂಡು ಹೋಯಿತು.

ದಿನಾ ಹಾಡಿ ಮಾಲಕರ ಗಂಟಲು ಒಡೆದಿತ್ತು. ಹಾಡಿನ ಮೊದಲ ಸಾಲನ್ನು ಎಷ್ಟೇ ಕಷ್ಟವಾದರೂ ಅವರೇ ಹೇಳುತ್ತಿದ್ದರು. ಆ ಒಂದು ಸಾಲಿನಿಂದಲೇ ಮಂದಿ ಅವರ ದನಿಯನ್ನು ಗುರುತಿಸುತ್ತಿದ್ದರು. ಎರಡನೆಯ ಸಾಲಿಗೆ ಅವರು ಸೆರಗನ್ನು ಬಾಯಿಗೆ ತಂದು ನಾಚಿದಂತೆ ಅರ್ಧ ತಿರುಗುತ್ತಿದ್ದರು. ಅಲ್ಲಿಂದ ಮುಂದಿನದನ್ನು ರಂಗದ ಬದಿಯ ಎರಡನೇ ವಿಂಗಿನ ಹಿಂದೆ ಕುಳಿತ ಅಪ್ಪ ಹಾಡುತ್ತಿದ್ದ. ಗೋಡೆಗೆ ಮುಖ ಮಾಡಿ ಹಾಡಬೇಕು. ಹಾಗೆ ಮಾಡಿದರೆ ದನಿ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಹೊರಗೆ ಎಲ್ಲಿಯೂ ಬಾಯಿ ತೆರೆದು ಹಾಡುವುದಿಲ್ಲ ಎಂದು ಮಾಲಕರು ಅವನಿಂದ ಮಾತು ತೆಗೆದುಕೊಂಡಿದ್ದರು. ಹದಿನಾಲ್ಕು ವರ್ಷ ಅವನು ಹಾಗೆ ಹಾಡಿದ. ಅವನ ಚಹಾದ ಲೋಟ ಬೇರೆ ಇತ್ತು. ವಿಂಗಿನ ಚೌಕಟ್ಟಿಗೆ ಮೊಳೆ ಹೊಡೆದು ಅದನ್ನು ಅಲ್ಲಿಯೇ ತೂಗುಹಾಕಿದ್ದರು, ಉಳಿದವರ ಲೋಟಗಳ ಜೊತೆ ಸೇರಬಾರದೆಂದು. ನಮ್ಮ ಜಾತಿ ಯಾವುದೆಂದು ಇಷ್ಟರಿಂದ ತಿಳಿಯುತ್ತದೆ. ನಮ್ಮ ಮನೆಯ ಗೋಡೆಗೆ ಬುದ್ಧನ ಪಟ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಕಂಪನಿ ಮುರಿದು ಅಪ್ಪ ಊರಿಗೆ ಬಂದ, ಮದುವೆಯಾದ, ಶಾಲೆ ಸೇರಿದ. ಕೊಟ್ಟ ಮಾತು ಮಾತ್ರ ಉಳಿಸಿಕೊಂಡ. ಅವ್ವ ಅವನ ಜೊತೆ ಇಪ್ಪತ್ತಮೂರು ವರ್ಷ ಬಾಳಿದರೂ ಅವನ ಹಾಡು ಕೇಳಿರಲಿಲ್ಲ. ಕೆಲವೊಮ್ಮೆ ಮಧ್ಯಾಹ್ನ ಅವನು ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಹೆಬ್ಬೆರಳಿನಿಂದ ಮೊಣಕಾಲಿಗೆ ಮೂರು ಸಲ ತಟ್ಟಿ, ಕತ್ತು ಮುಂದೆ ಚಾಚಿ ಬಾಯಿ ಆಡಿಸುತ್ತಿದ್ದ. ದನಿ ಇರುತ್ತಿರಲಿಲ್ಲ. ನಾವು ಆ ಕಡೆ ನೋಡುತ್ತಿರಲಿಲ್ಲ.

ಮೋಟಾರಿನಲ್ಲಿ ಬಂದವನು ಬೆಳಗಾವಿಯ ಕಡೆಯವನು. ಮಾಲಕರು ಸತ್ತು ಕೆಲವು ವರ್ಷಗಳಾಗಿದ್ದವು. ಅವರ ಜೀವನದ ಮೇಲೆ ಸಿನಿಮಾ ತೆಗೆಯುತ್ತಿದ್ದಾರೆ, ಅದಕ್ಕಾಗಿ ಹಳೆಯವರನ್ನು ಹುಡುಕುತ್ತಿದ್ದೇನೆ ಎಂದ. ನಮ್ಮ ಹೊರಸಿನ ಮೇಲೆ ಕರವಸ್ತ್ರ ಹಾಸಿ ಅದರ ಮೇಲೆ ಕುಳಿತ. ಅವ್ವ ತಂಬಿಗೆಯಲ್ಲಿ ನೀರು ಕೊಟ್ಟಳು.

"ಈಗಷ್ಟ ಕುಡದ ಬಂದೇನ್ರಿ" ಎಂದು ತಂಬಿಗೆಯನ್ನು ಕೆಳಗಿಟ್ಟ. ಸ್ವಲ್ಪ ಹೊತ್ತಿಗೆ ಅವನ ಡ್ರೈವರ ಹೋಟೆಲಿನಿಂದ ಚಹಾ ತಂದುಕೊಟ್ಟ. ಅದನ್ನು ಕುಡಿದ. ಜರ್ದಾ ಹಾಕಿಕೊಂಡು ಕುಳಿತಲ್ಲಿಂದಲೇ ಬಾಗಿ ನಮ್ಮ ಹೊಸ್ತಿಲ ಪಕ್ಕಕ್ಕೆ ಉಗುಳಿದ. ತಂಬಿಗೆಯ ನೀರಿನಲ್ಲಿ ನೊಣ ಬಿದ್ದು ಸುತ್ತುತ್ತಿತ್ತು.

"ಕಡೀತನಕ ನಿಮ್ಮನ್ನ ನೆನಸ್ತಿದ್ರಂತ್ರಿ" ಎಂದ ಅಪ್ಪನಿಗೆ.

ಅಪ್ಪ ನಿಂತೇ ಇದ್ದ. "ಯಾರು?"

"ಮಾಲಕರು. ಹಾಸಿಗಿ ಹಿಡದಾಗ ಅಂದ್ರಂತ, ಎರಡನೇ ವಿಂಗಿನ್ಯಾಗ ಒಬ್ಬ ಇದ್ದ, ನನ್ನ ಅರ್ಧ ಕೀರ್ತಿ ಅವಂದು ಅಂತ."

"ಹೆಸರ ಹಿಡದ ಅಂದ್ರ?"

"ಹೆಸರ ಹಿಡದ."

ಅಪ್ಪ ನೆಲಕ್ಕೆ ಕುಳಿತ. ಮಾಲಕರೇ ಬಾಯಿಬಿಟ್ಟ ಮೇಲೆ ತಾನು ಕೊಟ್ಟ ಮಾತು ತೀರಿತು ಎಂದುಕೊಂಡನೋ ಏನೋ, ಆ ಮನುಷ್ಯ ಕೇಳಿದ್ದನ್ನೆಲ್ಲ ಹೇಳಿದ. ಎರಡು ತಾಸು ಹೇಳಿದ. ನಮಗೂ ಹೇಳದೆ ಇದ್ದದ್ದನ್ನು ಅವತ್ತು ನಾವೂ ಬಾಗಿಲ ಮರೆಯಲ್ಲಿ ನಿಂತು ಕೇಳಿದೆವು. ಅವನು ಹೋದ ಮೇಲೆ ಅವ್ವ ಉಗುಳನ್ನು ತೊಳೆದು, ಅಲ್ಲಿ ಬೂದಿ ಹಾಕಿ, ಮತ್ತೆ ತೊಳೆದಳು.

ಸಿನಿಮಾದವರು ಕಿತ್ತೂರಿನಲ್ಲಿ ಬಿಡಾರ ಮಾಡಿದ್ದರು. ಒಂದು ವಾರದ ಮೇಲೆ ದನಿ ಹಿಡಿಯಬೇಕೆಂದು ಅಪ್ಪನನ್ನು ಅಲ್ಲಿಗೆ ಕರೆಸಿದರು. ಜೊತೆಗೆ ನಾನು ಹೋದೆ. ಸವದತ್ತಿಯಲ್ಲಿ ಒಂದು ಬಸ್ಸು, ಬೈಲಹೊಂಗಲದಲ್ಲಿ ಇನ್ನೊಂದು ಬಸ್ಸು ಬದಲಿಸಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕೋಟೆಯ ಮುರಿದ ಗೋಡೆಗಳ ನಡುವೆ ತೆಳು ಹಲಗೆಯ ಕಂಬಗಳನ್ನು ನಿಲ್ಲಿಸಿ ಅವಕ್ಕೆ ಬಂಗಾರದ ಬಣ್ಣ ಬಳಿಯುತ್ತಿದ್ದರು. ಬಣ್ಣದ ವಾಸನೆಗೆ ನಾನು ಸೆರಗನ್ನು ಮೂಗಿಗೆ ಹಿಡಿದೆ.

ಅವರು ಇಳಿದುಕೊಂಡಿದ್ದ ಬಂಗಲೆಯ ಒಂದು ಕೋಣೆಯಲ್ಲಿ ಟೇಪು ಯಂತ್ರ ಇಟ್ಟಿದ್ದರು. ಹೊರಗಿನ ಸದ್ದು ಬರಬಾರದೆಂದು ಕಿಟಕಿಗಳಿಗೆ ಕೌದಿ ತೂಗುಬಿಟ್ಟಿದ್ದರು. ಬಾಗಿಲು ಮುಚ್ಚುವ ಮೊದಲು ನಡೆದದ್ದನ್ನು ನಾನು ನೋಡಿದೆ. ಹಾರ್ಮೋನಿಯಂ ಪೆಟ್ಟಿಗೆಯವನು ಸುರ ಹಿಡಿದ. ಅಪ್ಪ ಸುಮ್ಮನೆ ಕುಳಿತ. ಮತ್ತೊಮ್ಮೆ ಸುರ ಹಿಡಿದ. ಆಗಲೂ ಅಪ್ಪ ಸುಮ್ಮನೆಯೇ ಇದ್ದ.

"ಯಾಕ್ರಿ, ಮರತ್ರೇನು?" ಎಂದ ಬೆಳಗಾವಿಯವನು.

"ಮೊದಲನೇ ಸಾಲು ಯಾರು ಹೇಳತಾರ್ರಿ?" ಎಂದು ಅಪ್ಪ ಕೇಳಿದ.

"ನೀವ ಹೇಳ್ರಿ. ಮತ್ತ್ಯಾರು ಹೇಳಬೇಕು?"

"ಅದು ನಂದಲ್ರಿ."

ಕೋಣೆಯಲ್ಲಿದ್ದವರು ನಕ್ಕರು. ಅಪ್ಪ ತಮಾಷೆ ಮಾಡುತ್ತಿರಲಿಲ್ಲ. ಹದಿನಾಲ್ಕು ವರ್ಷ ಇನ್ನೊಬ್ಬರು ಎತ್ತಿದ ಹಾಡನ್ನು ಹಿಡಿದ ಮನುಷ್ಯನಿಗೆ ಹಾಡು ಎತ್ತುವುದು ಬರುತ್ತಿರಲಿಲ್ಲ. ಕಡೆಗೆ ಪೆಟ್ಟಿಗೆಯವನೇ ಒರಟು ದನಿಯಲ್ಲಿ ಮೊದಲ ಸಾಲು ಹೇಳಿದ. ಅಪ್ಪ ತಟ್ಟನೆ ಗೋಡೆಯ ಕಡೆ ತಿರುಗಿ ಕುಳಿತ. ಟೇಪಿನವನು ಬಂದು ಅವನನ್ನು ಮೈಕಿನ ಕಡೆ ತಿರುಗಿಸಿದ. ಕೈ ಹಚ್ಚಲಿಲ್ಲ. ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ಅದರ ತುದಿಯಿಂದ ಹೆಗಲನ್ನು ನೂಕಿ ತಿರುಗಿಸಿದ. ಆಮೇಲೆ ಬಾಗಿಲು ಹಾಕಿದರು.

ಕೌದಿಗಳ ಆಚೆ ಅಪ್ಪ ಹಾಡುತ್ತಿದ್ದ. ನನಗೆ ಕೇಳಿಸಿದ್ದು ಗುಂಯ್ ಎನ್ನುವ ಸದ್ದು ಮಾತ್ರ.

ಬೆಳಗಾವಿಯವನು ಪಡಸಾಲೆಗೆ ಬಂದು ನನ್ನನ್ನು ಮಾತಾಡಿಸಿದ. ಜೊತೆಗೆ ಎಲೆ ಅಡಿಕೆ ಅಗಿಯುವ ಒಬ್ಬ ಸಣಕಲ ಮನುಷ್ಯನಿದ್ದ.

"ಮನ್ಯಾಗ ನಿಮ್ಮಪ್ಪ ಹೆಂಗ ಹಾಡತಾನವಾ?"

"ಹಾಡೂದಿಲ್ರಿ. ಗ್ವಾಡಿಗೆ ಮಾರಿ ಮಾಡಿ ಬರೇ ಬಾಯಿ ಆಡಸ್ತಾನ."

"ಹೆಂಗ? ತೋರಸು ನೋಡೋಣು."

ನಾನು ತೋರಿಸಿದೆ. ಗೋಡೆಗೆ ತಿರುಗಿ ಕುಳಿತು, ಹೆಬ್ಬೆರಳಿನಿಂದ ಮೊಣಕಾಲಿಗೆ ಮೂರು ಸಲ ತಟ್ಟಿ, ಕತ್ತು ಚಾಚಿ, ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದೆ. ಇಬ್ಬರೂ ನಕ್ಕರು. ಸಣಕಲ ಮನುಷ್ಯ ಇನ್ನೊಮ್ಮೆ ತೋರಿಸಲು ಹೇಳಿದ. ಇನ್ನೊಮ್ಮೆ ತೋರಿಸಿದೆ. ದೊಡ್ಡ ಊರಿನವರು ನನ್ನ ಆಟಕ್ಕೆ ನಗುತ್ತಿದ್ದಾರೆಂದು ನನಗೆ ಹಿಗ್ಗಾಗಿತ್ತು. ಎರಡನೆಯ ಸಲ ಕತ್ತನ್ನು ಅಪ್ಪನಿಗಿಂತ ಜಾಸ್ತಿ ಚಾಚಿದೆ.

ಹೊರಡುವಾಗ ಬೆಳಗಾವಿಯವನು ಜೇಬಿನಿಂದ ಚೀಟಿ ತೆಗೆದ. "ನಿಮ್ಮಪ್ಪನ ಹೆಸರು ಏನವಾ? ಟೇಪಿನ ಡಬ್ಬಿ ಮ್ಯಾಲೆ ಬರೀಬೇಕು."

ಹೇಳಿದೆ. ಬಸ್ಸು ಬೈಲಹೊಂಗಲ ದಾಟಿದ ಮೇಲೆ ನನಗೆ ಹೊಳೆಯಿತು. ಮಾಲಕರು ಹಾಸಿಗೆಯಲ್ಲಿ ಹಿಡಿದ ಹೆಸರು ಇವನಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಅಪ್ಪ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದ. ಮುಖ ತಿಳಿಯಾಗಿತ್ತು. ನಾನು ಹೇಳಲಿಲ್ಲ. ಅವನಿಗೆ ಕಡೆಯವರೆಗೂ ಹೇಳಲಿಲ್ಲ.

ಮನೆಯಲ್ಲಿ ಅವ್ವ ಕಾಯುತ್ತಿದ್ದಳು. ಊಟಕ್ಕೆ ಬಡಿಸುತ್ತ ಕೇಳಿದಳು. "ಊರ ಮಂದಿಗೆಲ್ಲ ಹಾಡಿ ಬಂದ್ರಿ. ನನಗೊಂದು ಹಾಡ್ರಿ ಈಗ. ಮಾತು ತೀರಿತಲ್ಲ."

"ಮೊದಲನೇ ಸಾಲು ನೀ ಹೇಳು, ಆಮ್ಯಾಲೆ ನಾ ಹಿಡೀತೇನಿ."

"ನಂಗ ಮರಾಠಿ ಎಲ್ಲಿ ಬರತೈತ್ರಿ? ಸಂತ್ಯಾಗ ಕಾಯಿಪಲ್ಲೆ ಕೊಳ್ಳೂವಷ್ಟು ಬರತೈತಿ."

"ಕಲಕೋ ಮತ್ತ. ನಂಗೇನು ಅವಸರಿಲ್ಲ."

ಅವ್ವ ಕಲಿಯಲಿಲ್ಲ. ಕಂಡಿಕೆ ಇದ್ದವು, ಅಡಿಗೆ ಇತ್ತು, ನಾಳೆ ಎನ್ನುತ್ತ ದಿನ ಹೋದವು. ಆ ಮಳೆಗಾಲದಲ್ಲಿ ಅಪ್ಪನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಒಂಬತ್ತು ದಿನ ಮಲಗಿದ. ಹತ್ತನೆಯ ದಿನ ಬೆಳಗ್ಗೆಯೂ ಶಾಲೆಯ ಗಂಟೆಯನ್ನು ಬೇರೆ ಯಾರೋ ಹೊಡೆದರು. ಅದನ್ನು ಕೇಳುವಾಗ ಅವನು ಇರಲಿಲ್ಲ.

ಸಿನಿಮಾ ಬಂದದ್ದು ಅದರ ಮುಂದಿನ ವರ್ಷ. ಸವದತ್ತಿಯ ಟೂರಿಂಗ್ ಟಾಕೀಸಿಗೆ ಬಂದಿದೆ ಎಂದು ಹೆಡ್‌ಮಾಸ್ತರರು ಹೇಳಿ ಕಳಿಸಿದರು. ಅವ್ವ ಅದುವರೆಗೆ ಸಿನಿಮಾ ಟೆಂಟಿನೊಳಗೆ ಕಾಲಿಟ್ಟವಳಲ್ಲ. ತೊಳೆದಿಟ್ಟ ಇಳಕಲ್ಲ ಸೀರೆ ಉಟ್ಟಳು.

"ಎಷ್ಟೊತ್ತಿಗೆ ಬರತೈತಿ ಅವರ ದನಿ?" ಎಂದು ಬಸ್ಸಿನಲ್ಲಿ ಮೂರು ಸಲ ಕೇಳಿದಳು.

"ನಂಗೂ ಗೊತ್ತಿಲ್ಲಬೇ. ಬಂದಾಗ ಹೇಳತೇನಿ."

ಟೆಂಟಿನ ಹೆಂಗಸರ ಭಾಗದಲ್ಲಿ ನೆಲಕ್ಕೆ ಕುಳಿತೆವು. ಉಚ್ಚೆ, ಬೀಡಿ, ಹಸಿ ತಾಡಪತ್ರಿ ಎಲ್ಲ ಕೂಡಿ ನಾರುತ್ತಿತ್ತು. ಯಾರೋ ಕೂಸನ್ನು ಅಲ್ಲಿಯೇ ಕೂಡಿಸಿದ್ದರು. ಅವ್ವ ಸೀರೆಯ ಅಂಚು ಎತ್ತಿಕೊಂಡು ಕುಳಿತಳು. ಆದರೂ ಆ ನಾತ ಪರದೆಯ ಮೇಲೆ ಬಂದದ್ದಕ್ಕಿಂತ ವಾಸಿ ಇತ್ತು.

ಪರದೆಯ ಮೇಲೆ ಎಲ್ಲವೂ ಅತ್ತರು ಹಚ್ಚಿದ ಹಾಗಿತ್ತು. ಬಂಗಾರದ ಬಣ್ಣದ ಹಲಗೆಯ ಕಂಬಗಳು ಅರಮನೆಯಾಗಿದ್ದವು. ಕಂಪನಿಯವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಪರದೆ ಎಳೆಯುವ ಒಬ್ಬ ಬಡವನಿಗೆ ಮಾಲಕರು ತಮ್ಮ ಕೈಯಿಂದಲೇ ತುತ್ತು ಮಾಡಿ ಉಣಿಸಿದರು, ಹಿಂದೆ ಸನಾದಿ ಬಾರಿಸಿದರು. ಸುತ್ತ ಕುಳಿತ ಹೆಂಗಸರು ಕಣ್ಣೊರೆಸಿಕೊಂಡರು. ಅಂಥದೊಂದು ತುತ್ತು ಅಪ್ಪನ ಬಾಯಿಗೆ ಬಿದ್ದಿದ್ದರೆ ಅವನು ಸಾಯುವತನಕ ಅದನ್ನು ಹೇಳುತ್ತಿದ್ದ. ಅವನು ಹೇಳಿದ್ದು ಮೊಳೆಗೆ ತೂಗುಹಾಕಿದ ಲೋಟದ ಬಗ್ಗೆ. ಅದೂ ಆ ಎರಡು ತಾಸಿನಲ್ಲಿಯೇ ಹೇಳಿದ್ದು. ಅವರು ಅದನ್ನು ಕೇಳಿಸಿಕೊಂಡು, ಬೇಕಂತಲೇ ತುತ್ತು ಮಾಡಿದ್ದರು.

ಮುಂದೆ ಆ ಪರದೆಯವನೇ ಲಫಂಗನಾಗಿ ತಿರುಗಿದ. ಹೆಂಗಸರ ಬಿಡಾರಕ್ಕೆ ಕಣ್ಣಿಡುವುದು, ಮಾಲಕರ ಉಂಗುರ ಕದಿಯುವುದು, 'ದನಿ ನನ್ನದೆಂದು ಎಲ್ಲರಿಗೂ ಹೇಳಿಬಿಡುತ್ತೇನೆ' ಎಂದು ಹೆದರಿಸುವುದು. ಇಂಥವನು ಅಪ್ಪನ ಪಾತ್ರವಾಗಿರಲಾರ ಎಂದೇ ಆಗ ಅಂದುಕೊಂಡೆ. ತುತ್ತಿನ ಮೇಲಿನ ಸಿಟ್ಟಿನಲ್ಲಿದ್ದೆ. ಒಂದು ಕಡೆ ಅವನು ಎಲೆ ಅಡಿಕೆಯನ್ನು ದವಡೆಗೆ ಒತ್ತಿಕೊಂಡು, ಗೋಡೆಗೆ ಮುಖ ಮಾಡಿ ಕುಳಿತು, ಹೆಬ್ಬೆರಳಿನಿಂದ ಮೊಣಕಾಲಿಗೆ ಮೂರು ಸಲ ತಟ್ಟಿ, ಕತ್ತನ್ನು ಕೊಕ್ಕರೆಯ ಹಾಗೆ ಚಾಚಿದ. ಟೆಂಟೆಲ್ಲ ನಕ್ಕಿತು. ನಾನೂ ನಕ್ಕೆ.

ಆ ನಗು ಬಾಯಲ್ಲಿರುವಾಗಲೇ ಹಾಡು ಬಂತು. ಮೊದಲ ಸಾಲನ್ನು ಯಾರೋ ದೊಡ್ಡ ಗಾಯಕರು ಸಕ್ಕರೆ ಪಾಕದ ದನಿಯಲ್ಲಿ ಹೇಳಿದರು. ಎರಡನೆಯ ಸಾಲಿಗೆ ಅವನು, ಕಿತ್ತೂರಿನ ಪಡಸಾಲೆಯಲ್ಲಿದ್ದ ಅದೇ ಸಣಕಲ ಮನುಷ್ಯ, ಬಾಯಿ ತೆರೆದ. ಬೇರೆಯದೇ ದನಿ ಬಂತು. ಕೋಣೆಯೊಳಗೆ ಹಿಡಿದದ್ದೆಂದು ಗೊತ್ತಾಗುವಂಥದು, ಸ್ವಲ್ಪ ದೂರದ್ದು, ನಡುವೆ ಒಂದು ಕೆಮ್ಮನ್ನು ನುಂಗಿಕೊಂಡದ್ದು.

ಹೇಳುವ ಅವಶ್ಯಕತೆ ಇರಲಿಲ್ಲ. ಅವ್ವ ನನ್ನ ಮೊಣಕೈ ಹಿಡಿದುಕೊಂಡಿದ್ದಳು.

ಮುಂದಿನ ಸಾಲಿನಲ್ಲಿದ್ದ ಗಂಡಸರು ಸೀಟಿ ಹೊಡೆಯುತ್ತಿದ್ದರು. "ಉಗಳೋ ಮಗನ, ಎಲಿ ಉಗಳಿ ಹಾಡೋ" ಎಂದು ಒಬ್ಬ ಕೂಗಿದ. ಮತ್ತೆ ನಗು. ಅವ್ವ ಕಣ್ಣು ಮುಚ್ಚಿದ್ದಳು. ಪರದೆಯ ಮೇಲೆ ಯಾರಿದ್ದಾರೆಂದು ಅವಳು ನೋಡಲೇ ಇಲ್ಲ. ಹಾಡು ಎರಡು ನಿಮಿಷವೂ ಇರಲಿಲ್ಲ. ಮುಗಿದ ಮೇಲೆ ಕೈ ಬಿಟ್ಟಳು.

ಹೇಸಿಗೆ ಎಂಬ ಮಾತನ್ನು ನಾನು ಸುಮ್ಮನೆ ಬಳಸುವುದಿಲ್ಲ. ಅವತ್ತು ನನಗೆ ಆದದ್ದು ಅದೇ. ನಮ್ಮ ಮನೆಯ ನೀರು ಕುಡಿಯದವರು ನಮ್ಮ ಮನೆಯ ಮಾತುಗಳನ್ನೆಲ್ಲ ಒಯ್ದಿದ್ದರು. ಬಾಯಿ ಬಿಡದೆ ಮೂವತ್ತೇಳು ವರ್ಷ ಇದ್ದವನನ್ನು ಬಾಯಿಬಡುಕನನ್ನಾಗಿ ಮಾಡಿ, ಅವನದೇ ದನಿಯನ್ನು ಆ ಬಾಯಿಗೆ ತುರುಕಿದ್ದರು. ಅದರಲ್ಲಿ ಹೆಬ್ಬೆರಳು ಮತ್ತು ಕತ್ತು ನಾನು ಕೊಟ್ಟದ್ದು. ಟೆಂಟಿನಿಂದ ಹೊರಗೆ ಬಂದು ಬೇಲಿಯ ಹತ್ತಿರ ವಾಂತಿ ಮಾಡಿಕೊಂಡೆ. ಅವ್ವ ಬೆನ್ನು ನೀವಿದಳು. ಚುರುಮುರಿ ತಿಂದದ್ದು ಆಗಿಬರಲಿಲ್ಲ ಎಂದುಕೊಂಡಳು.

ಬಸ್ಸಿನಲ್ಲಿ ಅವಳು ಸಣ್ಣಗೆ ಏನೋ ಗುನುಗುತ್ತಿದ್ದಳು. ಕಿವಿಗೊಟ್ಟೆ. ಆ ಹಾಡಿನ ಮೊದಲ ಸಾಲು. ಮಾತುಗಳು ಅರ್ಧ ತಪ್ಪು, ಧಾಟಿ ಸರಿ.

"ಇದರ ಮುಂದ ಏನೈತಿ?" ಎಂದು ಕೇಳಿದೆ.

"ಮುಂದಿಂದು ನಂದಲ್ಲ" ಎಂದಳು.

ದಿನಾ ಕಂಡಿಕೆ ಸುತ್ತುತ್ತ ಅದನ್ನೇ ಹೇಳಿಕೊಂಡಳು. ಸಿನಿಮಾ ಬೈಲಹೊಂಗಲಕ್ಕೆ ಹೋಗಿದೆ ಎಂದು ತಿಳಿದಾಗ ಮತ್ತೆ ಹೋಗೋಣ ಎಂದಳು. ನನಗೆ ಆ ಹೊಲಸನ್ನು ಇನ್ನೊಮ್ಮೆ ನೋಡುವ ಮನಸ್ಸಿರಲಿಲ್ಲ.

"ಅದರಾಗ ಅಪ್ಪನ್ನ ಏನ್ ಮಾಡ್ಯಾರ ನೀ ನೋಡಿಲ್ಲಬೇ" ಎಂದೆ.

"ನಾ ನೋಡಾಕ ಹೋಗಿದ್ದಿಲ್ಲ. ಈಗೂ ನೋಡಾಂಗಿಲ್ಲ. ಮೊದಲನೇ ಸಾಲು ಒಮ್ಮೆ ಎತ್ತಿಕೊಡಬೇಕು. ಹಿಡೀತೇನಿ ಅಂದಾರ ಅವರು."

ಹೋದೆವು. ಅದೇ ನಾತ, ಅದೇ ತುತ್ತು, ಅದೇ ಸನಾದಿ. ಸಣಕಲ ಮನುಷ್ಯ ಗೋಡೆಗೆ ತಿರುಗಿ ಕುಳಿತಾಗ ನಾನು ತಲೆ ತಗ್ಗಿಸಿದೆ. ಪೆಟ್ಟಿಗೆ ಸುರ ಹಿಡಿಯಿತು. ಗಾಯಕರ ಜೊತೆಜೊತೆಗೆ ಅವ್ವ ಮೊದಲ ಸಾಲನ್ನು ಹೇಳಿದಳು. ಗುನುಗಲಿಲ್ಲ, ಬಾಯಿ ತೆರೆದು ಹೇಳಿದಳು. ಪಕ್ಕದ ಹೆಂಗಸು ತಿರುಗಿ ನೋಡಿದಳು. ಹೇಳಿ ಮುಗಿಸಿ ಅವ್ವ ಕಣ್ಣು ಮುಚ್ಚಿ, ಉಸಿರು ಹಿಡಿದು ಕಾದಳು.

ಪರದೆಯ ಮೇಲೆ ಟಪ್ಪೆಂದು ಸದ್ದಾಯಿತು. ಚಿತ್ರ ಹಾರಿತು. ಮಾಲಕರು ಕುದುರೆ ಗಾಡಿಯಿಂದ ಇಳಿಯುತ್ತಿದ್ದರು, ಮಂದಿ ಹಾರ ಹಾಕುತ್ತಿದ್ದರು.

ಅವ್ವ ಇನ್ನೂ ಕಣ್ಣು ಮುಚ್ಚಿಯೇ ಇದ್ದಳು.

ಆಟ ಮುಗಿದ ಮೇಲೆ ಯಂತ್ರದ ಕೋಣೆಗೆ ಹೋದೆ. ಅದನ್ನು ನಡೆಸುವವನು ಬನಿಯನ್ನಿನಲ್ಲಿ ಕುಳಿತು ಭಜಿ ತಿನ್ನುತ್ತಿದ್ದ.

"ನಡುವ ಒಂದು ಹಾಡು ಇತ್ತಲ್ರಿ, ಎಲ್ಲಿ ಹ್ವಾತು?"

"ಪಟ್ಟಿ ಹರೀತ್ರಿ. ಕತ್ತರಸಿ ಜೋಡಿಸೇನಿ."

"ಪೂರಾ ಹಾಡು ಹರೀತೇನ್ರಿ?"

ಅವನು ಎಣ್ಣೆಯ ಬೆರಳುಗಳನ್ನು ನೆಕ್ಕಿಕೊಂಡ. "ನೋಡವಾ ತಂಗಿ, ಇಲ್ಲಿ ಮಂದಿಗೆ ಮರಾಠಿ ಹಾಡು ಬ್ಯಾಡ. ಎದ್ದು ಹೋಗತಾರ. ಎರಡು ಆಟದ ನಡುವ ನಮಗೂ ಊಟ ಆಗಬೇಕಲ್ಲ. ಬಾಕಿ ಹಾಡು ಹಂಗ ಇಟ್ಟೇನಿ. ಇದು ಸೊಟ್ಟ ದನೀದು ಒಂದು ತಗದೇನಿ."

ಹಿಂದೆ ಬಂದು ನಿಂತಿದ್ದ ಅವ್ವ ಕೇಳಿದಳು. "ತಗದದ್ದು ಎಲ್ಲೈತಪಾ?"

"ಸುಟ್ಟೇವಬೇ. ಭಾಳ ಚಂದ ಉರೀತೈತಿ." ಅವಳ ಮುಖ ನೋಡಿದ ಮೇಲೆ ಬುಟ್ಟಿಯಲ್ಲಿ ಕೈಯಾಡಿಸಿ ಒಂದು ಗೇಣಿನಷ್ಟು ಪಟ್ಟಿ ತೆಗೆದುಕೊಟ್ಟ. ದೀಪಕ್ಕೆ ಹಿಡಿದೆವು. ಹನ್ನೆರಡು ಸಣ್ಣ ಚೌಕಗಳು. ಎಲ್ಲದರಲ್ಲಿಯೂ ಆ ಸಣಕಲ ಮನುಷ್ಯ ಕತ್ತು ಚಾಚಿ ಬಾಯಿ ತೆರೆದಿದ್ದ.

"ಇದರಾಗ ದನಿ ಎಲ್ಲೈತಿ?" ಎಂದಳು ಅವ್ವ.

ಅವನು ಚೌಕಗಳ ಪಕ್ಕದಲ್ಲಿದ್ದ ಸೊಟ್ಟ ಗೀರನ್ನು ಉಗುರಿನಿಂದ ತೋರಿಸಿದ. "ಇದ ದನಿಬೇ. ಇಷ್ಟ ಇದ್ರ ಅರ್ಧ ಉಸರೂ ಆಗೂದಿಲ್ಲ."

ಅವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಸಿನಿಮಾ ಅಲ್ಲಿಂದ ಎಲ್ಲಿಗೆ ಹೋಯಿತೋ ನಮಗೆ ತಿಳಿಯಲಿಲ್ಲ. ಬೆಳಗಾವಿಯವನಿಗೆ ಎರಡು ಪತ್ರ ಬರೆದೆ, ಟೇಪಿನ ಡಬ್ಬಿಯ ಮೇಲೆ ಅಪ್ಪನ ಹೆಸರು ಇದೆ, ಹುಡುಕಿ ಕೊಡಿ ಎಂದು. ಉತ್ತರ ಬರಲಿಲ್ಲ.

ಈಗ ಅವ್ವನೂ ಇಲ್ಲ. ಆ ಪಟ್ಟಿ ನನ್ನ ಟ್ರಂಕಿನಲ್ಲಿ, ಅವಳ ಇಳಕಲ್ಲ ಸೀರೆಯ ಮಡಿಕೆಯಲ್ಲಿದೆ. ಬಣ್ಣ ಹೋಗಿ ಹನ್ನೆರಡು ಚೌಕಗಳಲ್ಲಿಯೂ ಮುಖ ಅಳಿಸಿದೆ. ಅದು ಅಳಿಸಿದ್ದು ಒಳ್ಳೆಯದಾಯಿತು. ಗೀರು ಇನ್ನೂ ಕಾಣುತ್ತದೆ.

ಮೊದಲ ಸಾಲು ನನಗೆ ಬರುತ್ತದೆ, ಅವ್ವ ಹೇಳುತ್ತಿದ್ದ ಹಾಗೆ, ಅರ್ಧ ತಪ್ಪು ಮಾತುಗಳ ಜೊತೆ. ಎರಡನೆಯ ಸಾಲಿನಿಂದ ಮುಂದಿನದು ನಮ್ಮ ಹತ್ತಿರ ಇಲ್ಲ.